ಬೀದರಿನ ಕ್ಷೌರಿಕರ ಮಗ, ಗುರುವಿಗೇ ಅಮೃತ ಕೊಟ್ಟವರು

ಟಿವಿ ನ್ಯೂಸ್‌ನಲ್ಲಿ ಕೆಲವು ಪದಗಳಿಗೆ ವಿಪರೀತ ಬೆಲೆ. ಪರದೆಯ ಕೆಳಗಿನ ಕೆಂಪು ಪಟ್ಟಿಯಲ್ಲಿ ಅವು ಓಡಿದರೆ ಸಾಕು, ರಿಮೋಟ್ ಹಿಡಿದ ಕೈ ಅಲ್ಲೇ ನಿಲ್ಲುತ್ತದೆ. 'ಮತಾಂತರ' ಅಂಥದ್ದೊಂದು ಪದ. ಕರ್ನಾಟಕದಲ್ಲಿ 2021ರ ಡಿಸೆಂಬರ್‌ನಲ್ಲಿ ಇದರ ಬಗ್ಗೆ ವಿಧಾನಸಭೆಯಲ್ಲಿ ಮಸೂದೆ ಪಾಸಾಯಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಅದೇ ವರ್ಷ ಕಾಯ್ದೆಯೂ ಆಯಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ವಾಪಸ್ ಪಡೆಯುವ ತೀರ್ಮಾನ ಮಾಡಿತು. ಇಷ್ಟೂ ದಿನ ಪ್ಯಾನಲ್ ಚರ್ಚೆಗಳಲ್ಲಿ ಕೇಳಿದ್ದು ಹೆಚ್ಚುಕಡಿಮೆ ಅದೇ ನಾಲ್ಕು ಪ್ರಶ್ನೆ. ಯಾರು ಮಾಡಿಸಿದರು? ಏನು ಕೊಟ್ಟರು? ಹಿಂದೆ ಯಾವ ಜಾತಿ? ಮುಂದೆ ಯಾವ ಪಾರ್ಟಿಗೆ ಓಟು?

ಐದನೆಯ ಪ್ರಶ್ನೆಯೊಂದಿದೆ. ಅದನ್ನು ಯಾರೂ ಕೇಳುವುದಿಲ್ಲ. ಹಾಗೆ ಬದಲಾದ ಮನುಷ್ಯ ಆಮೇಲೆ ಏನು ಕಟ್ಟಿದ? ಯಾರ ಪಕ್ಕದಲ್ಲಿ ಕೂತು ಉಂಡ?

ಈ ಐದನೆಯ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಒಂದು ಉತ್ತರ ಇದೆ. ಮುನ್ನೂರು ವರ್ಷಕ್ಕಿಂತ ಹಳೆಯ ಉತ್ತರ. ಜಗತ್ತಿನ ಮೂಲೆಮೂಲೆಯ ಗುರುದ್ವಾರಗಳಲ್ಲಿ, ಕೆನಡಾ ಇರಲಿ, ಲಂಡನ್ ಇರಲಿ, ಅಮೃತಸರ ಇರಲಿ, ದಿನಾ ಮಾಡುವ 'ಅರ್ದಾಸ್' ಎಂಬ ಪ್ರಾರ್ಥನೆಯಲ್ಲಿ 'ಪಂಜ್ ಪ್ಯಾರೇ', ಅಂದರೆ ಐವರು ಪ್ರೀತಿಪಾತ್ರರನ್ನು ನೆನೆಯುತ್ತಾರೆ. ಆ ಐವರಲ್ಲಿ ಒಬ್ಬರು ಕರ್ನಾಟಕದವರು. ಬೀದರಿನವರು. ಹೆಸರು ಭಾಯಿ ಸಾಹಿಬ್ ಸಿಂಗ್. ಎಲ್ಲೋ ವ್ಯಾಂಕೂವರ್‌ನಲ್ಲಿ ಕೂತ ಸಿಖ್ ಅಜ್ಜಿಗೆ ಗೊತ್ತಿರುವ ಈ ಹೆಸರು ಬೆಂಗಳೂರಿನಲ್ಲಿ, ಉಡುಪಿಯಲ್ಲಿ ಎಷ್ಟು ಜನಕ್ಕೆ ಗೊತ್ತು? ನೀವೇ ಹೇಳಿ.

ಮೊದಲು ಊರಿನ ಕಥೆ. ಬೀದರ್ ಎಂದರೆ ನಮಗೆ ಕೋಟೆ, ಬಿದ್ರಿ ಕಲೆ, 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ. ಬಹಮನಿ ಸುಲ್ತಾನರ ರಾಜಧಾನಿ. ಇದೇ ಊರಿಗೆ ಹದಿನಾರನೆಯ ಶತಮಾನದ ಆರಂಭದಲ್ಲಿ ಗುರು ನಾನಕರು ಬಂದಿದ್ದರು ಎನ್ನುತ್ತದೆ ಸಿಖ್ ಸಂಪ್ರದಾಯ. ಜೊತೆಗಿದ್ದವರು ಮರ್ದಾನಾ. ಹುಟ್ಟಿನಿಂದ ಮುಸ್ಲಿಂ, ರಬಾಬ್ ನುಡಿಸುವ ಕಲಾವಿದ. ನಾನಕರು ಹಾಡಿದರೆ ಇವರ ರಬಾಬ್ ಜೊತೆಗೂಡುತ್ತಿತ್ತು. ಊರ ಹೊರಗೆ ಸೂಫಿ ಪೀರರ ಪಕ್ಕದಲ್ಲೇ ಇಬ್ಬರೂ ಬೀಡುಬಿಟ್ಟರಂತೆ. ಜನ ಬಂದು, ಇಲ್ಲಿ ಬಾವಿ ತೋಡಿದರೂ ಸಿಗುವುದು ಕುಡಿಯಲಾಗದ ನೀರು ಎಂದು ಗೋಳು ಹೇಳಿಕೊಂಡರಂತೆ. ನಾನಕರು ಕಾಲಿನಿಂದ ಒಂದು ಕಲ್ಲು ಸರಿಸಿದರು, ಸಿಹಿನೀರಿನ ಝರಿ ಚಿಮ್ಮಿತು. ಅದೇ ಇವತ್ತಿನ ಗುರುನಾನಕ್ ಝೀರಾ. ನಂಬಿಕೆ ನಿಮಗೆ ಬಿಟ್ಟದ್ದು. ಆದರೆ ಕಥೆಯ ತಿರುಳು ಗಮನಿಸಿ. ಸೂಫಿಯೂ ನಾನಕರೂ ಅಕ್ಕಪಕ್ಕ ಕೂತಿದ್ದಾರೆ, ಊರವರ ಚಿಂತೆ ನೀರಿನದ್ದು, ಸಿಕ್ಕ ನೀರು ಎಲ್ಲರಿಗೂ.

ಆಮೇಲೆ ಒಂದೂವರೆ ಶತಮಾನ ಕಳೆಯಿತು. 1657ರಲ್ಲಿ ಔರಂಗಜೇಬ್, ಆಗಿನ್ನೂ ಶಹಜಾದಾ, ಬೀದರ್ ಕೋಟೆ ಗೆದ್ದ. ಅದಾಗಿ ಐದಾರು ವರ್ಷಕ್ಕೆ, 1662ರ ಆಸುಪಾಸಿನಲ್ಲಿ, ಬೀದರಿನ ಒಂದು ಕ್ಷೌರಿಕ ಕುಟುಂಬದಲ್ಲಿ ಒಂದು ಗಂಡು ಮಗು. ಸಿಖ್ ಪರಂಪರೆಯ ಒಂದು ಪಾಠದ ಪ್ರಕಾರ ತಂದೆ ಗುರು ನಾರಾಯಣ, ತಾಯಿ ಅಂಕಮ್ಮ. ಅಂಕಮ್ಮ! ಪಂಜಾಬಿನ ಚರಿತ್ರೆಯ ಮಧ್ಯೆ ನಮ್ಮ ಮನೆಯಂಗಳದ ಒಂದು ಹೆಸರು. ಆ ಮಗುವಿನ ಹೆಸರು ಸಾಹಿಬ್ ಚಂದ್.

ಇಲ್ಲಿ ಸ್ವಲ್ಪ ನಿಲ್ಲೋಣ. ಬೀದರ್ ಸೀಮೆಗೂ ಕ್ಷೌರಿಕರಿಗೂ ಭಕ್ತಿಯ ಚರಿತ್ರೆಯಲ್ಲಿ ಒಂದು ವಿಶೇಷ ನಂಟು ಉಂಟು. ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಬಸವಣ್ಣನವರ ಆಪ್ತರಾಗಿ ಇದ್ದವರು ಹಡಪದ ಅಪ್ಪಣ್ಣ. ಇವತ್ತು ಕ್ಷೌರಿಕ ವೃತ್ತಿಯ ಹಡಪದ ಸಮಾಜ ಅವರನ್ನೇ ಮೂಲಪುರುಷ ಎಂದು ಪೂಜಿಸುತ್ತದೆ. ಅಪ್ಪಣ್ಣನವರೂ ವಚನ ಬರೆದವರು, ಪತ್ನಿ ಲಿಂಗಮ್ಮನವರೂ ಬರೆದವರು. ಇನ್ನು ಸಿಖ್ಖರ ಪವಿತ್ರ ಗ್ರಂಥ ಗುರು ಗ್ರಂಥ ಸಾಹಿಬ್‌ನಲ್ಲಿ ಸೇನ ಎಂಬ ಭಕ್ತರ ರಚನೆ ಇದೆ. ಅವರೂ ಕ್ಷೌರಿಕರು. ಅವರು ಉತ್ತರದ ಬಾಂಧವಗಢದ ರಾಜನ ಬಳಿ ಇದ್ದರು ಎನ್ನುವುದು ಒಂದು ಕಥೆ. ಬೀದರಿನ ರಾಜನ ಬಳಿ ಇದ್ದರು ಎನ್ನುವುದು ಇನ್ನೊಂದು ಕಥೆ. ಅಪ್ಪಣ್ಣ, ಸೇನ, ಸಾಹಿಬ್ ಚಂದ್. ಮೂರು ಕಾಲ, ಮೂರು ದಾರಿ. ಆದರೆ ಮೂವರದ್ದೂ ಒಂದೇ ಕಸುಬಿನ ಮನೆ.

ಸಾಹಿಬ್ ಚಂದ್ ಹದಿಹರೆಯದಲ್ಲೇ ಬೀದರ್ ಬಿಟ್ಟು ಪಂಜಾಬಿನ ಆನಂದಪುರಕ್ಕೆ ನಡೆದ. ಸಾವಿರದೈನೂರು ಕಿಲೋಮೀಟರಿಗೂ ಹೆಚ್ಚಿನ ಹಾದಿ. ರೈಲಿಲ್ಲ, ಬಸ್ಸಿಲ್ಲ. ಕಾಡು, ನದಿ, ಸೈನ್ಯ, ಸುಂಕದ ಕಟ್ಟೆ. ಅಲ್ಲಿ ಹತ್ತನೆಯ ಗುರು ಗೋವಿಂದರ ಸುತ್ತ ದೇಶದ ನಾನಾ ಕಡೆಯ ಜನ ಸೇರಿದ್ದರು.

1699. ವೈಶಾಖಿ ಹಬ್ಬ. ಆನಂದಪುರದಲ್ಲಿ ದೊಡ್ಡ ಜನಸ್ತೋಮ. ಗುರು ಕತ್ತಿ ಹಿರಿದು ವೇದಿಕೆಯ ಮೇಲೆ ನಿಂತರು. ನನಗೊಂದು ತಲೆ ಬೇಕು, ಯಾರು ಕೊಡುತ್ತೀರಿ ಎಂದು ಕೇಳಿದರು. ಸಭೆ ಸ್ತಬ್ಧ. ಕೆಲವರು ಮೆಲ್ಲಗೆ ಜಾಗ ಖಾಲಿ ಮಾಡಿದರು ಎಂದೂ ಹೇಳುತ್ತಾರೆ. ಕೊನೆಗೆ ಒಬ್ಬ ಎದ್ದ. ಗುರು ಅವನನ್ನು ಡೇರೆಯೊಳಗೆ ಕರೆದೊಯ್ದರು, ರಕ್ತ ತೊಟ್ಟಿಕ್ಕುವ ಕತ್ತಿಯೊಂದಿಗೆ ಹೊರಗೆ ಬಂದರು. ಮತ್ತೊಂದು ತಲೆ ಬೇಕು ಎಂದರು. ಹೀಗೆ ಐದು ಬಾರಿ.

ಎದ್ದು ನಿಂತವರು ಯಾರು ನೋಡಿ. ಲಾಹೋರಿನ ಖತ್ರಿ ದಯಾರಾಮ್. ಹಸ್ತಿನಾಪುರದ ಜಾಟ ಧರಮ್ ದಾಸ್. ಪುರಿ ಜಗನ್ನಾಥದ ಕಡೆಯ ನೀರು ಹೊರುವ ಹಿಮ್ಮತ್ ರಾಯ್. ದ್ವಾರಕೆಯ ಕಡೆಯ ಬಟ್ಟೆಯ ಕಸುಬಿನ ಮೋಹಕಮ್ ಚಂದ್. ಐದನೆಯವನು ಬೀದರಿನ ಸಾಹಿಬ್ ಚಂದ್. ಭಾರತದ ನಕಾಶೆ ತೆಗೆದು ಈ ಐದು ಊರಿಗೆ ಐದು ಚುಕ್ಕೆ ಇಡಿ. ವಾಯವ್ಯ, ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣ. ದಕ್ಷಿಣದ ಚುಕ್ಕೆ ನಮ್ಮದು.

ಡೇರೆಯಿಂದ ಐವರೂ ಜೀವಂತ ಹೊರಬಂದರು. ಆಮೇಲೆ ನಡೆದದ್ದೇ ಮುಖ್ಯ. ಕಬ್ಬಿಣದ ಬಟ್ಟಲಲ್ಲಿ ನೀರು, ಅದಕ್ಕೆ ಸಕ್ಕರೆಯ ಬತ್ತಾಸು, ಎರಡು ಅಲಗಿನ ಖಂಡದಿಂದ ಕಲಕಿದ 'ಅಮೃತ'. ಐವರೂ ಒಂದೇ ಬಟ್ಟಲಿನಿಂದ ಕುಡಿದರು. ಖತ್ರಿ ಕುಡಿದ ಬಟ್ಟಲಲ್ಲಿ ಕ್ಷೌರಿಕ ಕುಡಿದ, ಕ್ಷೌರಿಕ ಕುಡಿದದ್ದರಲ್ಲಿ ನೀರು ಹೊರುವವ ಕುಡಿದ. ಹದಿನೇಳನೆಯ ಶತಮಾನದ ಹಿಂದೂಸ್ತಾನದಲ್ಲಿ ಇದು ಸಣ್ಣ ಸಂಗತಿ ಅಲ್ಲ. ಎಲ್ಲರ ಹೆಸರಿನ ಬಾಲವೂ ಬದಲಾಗಿ 'ಸಿಂಗ್' ಆಯಿತು. ಇಲ್ಲಿಂದ ಮುಂದೆ ನಾನೂ 'ಅವನು' ಅನ್ನುವುದಿಲ್ಲ. ಸಾಹಿಬ್ ಸಿಂಗ್ 'ಅವರು'.

ಇಷ್ಟಕ್ಕೇ ನಿಂತಿದ್ದರೆ ಇದು ಇನ್ನೊಂದು ದೀಕ್ಷೆಯ ಕಥೆ ಆಗುತ್ತಿತ್ತು. ಆದರೆ ಗುರು ಗೋವಿಂದರು ಆ ಐವರ ಮುಂದೆ ಕೈಮುಗಿದು, ಈಗ ನೀವು ನನಗೆ ಅಮೃತ ಕೊಡಿ ಎಂದರು. ಕೊಟ್ಟವರು ಐವರು. ಅವರಲ್ಲಿ ಬೀದರಿನ ಕ್ಷೌರಿಕರ ಮಗನೂ ಒಬ್ಬರು. ಗೋವಿಂದ ರಾಯ್ ಗೋವಿಂದ್ ಸಿಂಗ್ ಆದದ್ದು ಹೀಗೆ. ಶಿಷ್ಯರೇ ಗುರುವಿಗೆ ದೀಕ್ಷೆ ಕೊಟ್ಟ ಇಂಥ ಘಟನೆ ಧರ್ಮಗಳ ಚರಿತ್ರೆಯಲ್ಲಿ ಬಹಳ ಅಪರೂಪ. ಪ್ಯಾನಲ್‌ನಲ್ಲಿ ನಾವು ಕೇಳುವ ಮೊದಲನೇ ಪ್ರಶ್ನೆ, 'ಯಾರು ಮಾಡಿಸಿದರು', ಇಲ್ಲಿ ತಲೆಕೆಳಗಾಗುತ್ತದೆ. ಇಲ್ಲಿ ದೀಕ್ಷೆ ಪಡೆದವರೇ ದೀಕ್ಷೆ ಕೊಡುವವರಾದರು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಈ ಖಾಲ್ಸಾ ಪಂಥದ ಮೊದಲ ನಿಯಮ ಕೇಶ. ಕೂದಲಿಗೆ ಕತ್ತರಿ ತಾಗಿಸುವಂತಿಲ್ಲ, ಗಡ್ಡಕ್ಕೆ ಕತ್ತಿ ತಾಗಿಸುವಂತಿಲ್ಲ. ಯಾರ ಮನೆಯ ಅನ್ನ ಕತ್ತರಿ, ಕತ್ತಿಯಿಂದಲೇ ಬರುತ್ತಿತ್ತೋ ಆ ಮನೆಯ ಮಗ ಇದನ್ನು ಒಪ್ಪಿಕೊಂಡರು. ಅಂದ್ರೆ ಕ್ಷೌರದ ಕೆಲಸ ಕೀಳು ಅಂತ ಬಿಟ್ಟರಾ? ಅಲ್ಲ. ಸಿಖ್ ಪರಂಪರೆ ಇದನ್ನು ಐದು ಬಿಡುಗಡೆ ಎನ್ನುತ್ತದೆ. ಕುಲದಿಂದ, ಹುಟ್ಟು ಕಸುಬಿನ ಮುದ್ರೆಯಿಂದ, ಹಳೆಯ ಮತದ ಕಟ್ಟಿನಿಂದ, ಹಳೆಯ ಕರ್ಮದಿಂದ, ಭ್ರಮೆಯಿಂದ. ಕಸುಬನ್ನು ಹಳಿಯುವುದು ಇದರ ಉದ್ದೇಶ ಅಲ್ಲ. ಕಸುಬನ್ನು ಮನುಷ್ಯನ ಹಣೆಗೆ ಹಚ್ಚೆ ಹಾಕುವುದನ್ನು ನಿಲ್ಲಿಸುವುದು ಉದ್ದೇಶ.

ಈಗ ನಮ್ಮ ಹಿರಿಯಡ್ಕಕ್ಕೆ ಬರ್ತೀನಿ. ಬೀದರ್ ಕರ್ನಾಟಕದ ತುತ್ತತುದಿಯ ಕಿರೀಟ, ನಮ್ಮದು ಕರಾವಳಿಯ ಮಗ್ಗುಲು. ಇಲ್ಲಿಗೂ ಅಲ್ಲಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ ಮಾರಾಯ್ರೆ. ನಮ್ಮ ತುಳುನಾಡಿನಲ್ಲಿ ಕ್ಷೌರಿಕ ವೃತ್ತಿಯವರು ಭಂಡಾರಿಗಳು. ಬಾರ್ಕೂರಿನ ಕಚ್ಚೂರು ನಾಗೇಶ್ವರ ದೇವಸ್ಥಾನ ಅವರ ಸಮಾಜದ್ದು. ನಮ್ಮ ಹಿರಿಯರ ಕಾಲದಲ್ಲಿ ಮದುವೆಗೆ ಮದುಮಗನ ಮುಖಕ್ಷೌರಕ್ಕೆ ಭಂಡಾರಿ ಬರಬೇಕು, ಸಾವಿನ ಸೂತಕ ಕಳೆಯುವುದಕ್ಕೂ ಭಂಡಾರಿ ಬೇಕು. ಅವರಿಲ್ಲದೆ ಕ್ರಿಯೆ ನಡೆಯುತ್ತಿರಲಿಲ್ಲ. ಆದರೆ ಅದೇ ಮನೆಯ ಊಟದ ಪಂಕ್ತಿಯಲ್ಲಿ ಅವರಿಗೆ ಜಾಗ ಎಲ್ಲಿತ್ತು? ಕೆಲಸಕ್ಕೆ ಬೇಕು, ಪಂಕ್ತಿಗೆ ಬೇಡ. ಈ ಲೆಕ್ಕಾಚಾರ ಕರಾವಳಿಯದ್ದು ಮಾತ್ರ ಅಲ್ಲ, ಇಡೀ ದೇಶದ್ದು. ಬೀದರಿನ ಹುಡುಗನೂ ಇದನ್ನು ಕಂಡೇ ಹೋಗಿರಬೇಕು ಅಂತ ನನ್ನ ಊಹೆ.

'ಪಂಕ್ತಿಭೇದ' ಎಂಬ ಪದ ಉಡುಪಿ ಸೀಮೆಗೆ ವಿವರಿಸಿ ಹೇಳಬೇಕಾಗಿಲ್ಲ. ಅದರ ಬಗ್ಗೆ ಇಲ್ಲಿ ಹೋರಾಟಗಳಾಗಿವೆ, ನಮ್ಮ ಚಾನಲ್‌ಗಳಲ್ಲಿ ಚರ್ಚೆಗಳೂ ಆಗಿವೆ. ಕುತೂಹಲ ಏನೆಂದರೆ, ಸಿಖ್ಖರು ಲಂಗರ್‌ನ ಸಾಲಿಗೆ ಹೇಳುವ ಪದ 'ಪಂಗತ್'. ಅದೂ ಇದೇ 'ಪಂಕ್ತಿ'. ಒಂದೇ ಸಂಸ್ಕೃತ ಪದ ಎರಡು ದಾರಿ ಹಿಡಿದಿದೆ. ಮೊದಲು ಪಂಗತ್, ಆಮೇಲೆ ಸಂಗತ್ ಎನ್ನುವುದು ಅವರ ರೂಢಿಯ ಮಾತು. ಮೊದಲು ಒಟ್ಟಿಗೆ ಉಣ್ಣಿ, ಆಮೇಲೆ ಒಟ್ಟಿಗೆ ಕೂತು ದೇವರ ಮಾತಾಡಿ. ಮೂರನೆಯ ಗುರು ಅಮರದಾಸರನ್ನು ನೋಡಲು ಅಕ್ಬರ್ ಬಂದಾಗ ಅವನೂ ನೆಲದ ಮೇಲೆ ಸಾಲಿನಲ್ಲಿ ಕೂತು ಉಂಡ ಎಂದು ಸಿಖ್ ಸಂಪ್ರದಾಯ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತದೆ.

ಸಾಹಿಬ್ ಸಿಂಗ್ ಅವರ ಕೊನೆ ಚಮಕೌರ್‌ನಲ್ಲಿ. 1704ರ ಡಿಸೆಂಬರ್ ಎನ್ನುತ್ತದೆ ಸಂಪ್ರದಾಯ. ಆನಂದಪುರ ಬಿಟ್ಟ ಗುರು, ಇಬ್ಬರು ದೊಡ್ಡ ಮಕ್ಕಳು, ಜೊತೆಗೆ ಸುಮಾರು ನಲವತ್ತು ಸಿಖ್ಖರು. ಒಂದು ಮಣ್ಣಿನ ಗಢಿ. ಹೊರಗೆ ಮೊಘಲ್ ಸೈನ್ಯ, ಬೆಟ್ಟದ ರಾಜರ ಸೈನ್ಯ. ಗುರುವಿನ ಮಕ್ಕಳು ಅಜಿತ್ ಸಿಂಗ್, ಜುಝಾರ್ ಸಿಂಗ್ ಅಲ್ಲೇ ಮಡಿದರು. ಪಂಜ್ ಪ್ಯಾರೇಗಳಲ್ಲಿ ಹಿಮ್ಮತ್ ಸಿಂಗ್, ಮೋಹಕಮ್ ಸಿಂಗ್, ನಮ್ಮ ಸಾಹಿಬ್ ಸಿಂಗ್, ಮೂವರೂ ಮಡಿದರು. ಬೀದರಿನಲ್ಲಿ ಹುಟ್ಟಿದ ಜೀವ ಸಟ್ಲೆಜ್ ಸೀಮೆಯ ಮಣ್ಣಿಗೆ ಸೇರಿತು.

ಆ ರಾತ್ರಿ ಗಢಿಯಲ್ಲಿ ಉಳಿದ ಸಿಖ್ಖರ ಪೈಕಿ ಐವರು ಒಟ್ಟಾಗಿ ಗುರುವಿಗೆ ಆಜ್ಞೆ ಮಾಡಿದರು. ನೀವು ಇಲ್ಲಿಂದ ಹೊರಡಬೇಕು, ಪಂಥ ಉಳಿಯಬೇಕು ಅಂತ. ಗುರು ತಲೆಬಾಗಿದರು. 1699ರಲ್ಲಿ ಕಟ್ಟಿದ ವ್ಯವಸ್ಥೆ ಪರೀಕ್ಷೆಗೆ ಬಿದ್ದದ್ದು ಇಲ್ಲಿ. ಐವರು ಒಟ್ಟಾಗಿ ಹೇಳಿದರೆ ಗುರುವೂ ಕೇಳಬೇಕು. ಸಮುದಾಯ ಕಟ್ಟುವುದು ಅಂದರೆ ಇದು. ಒಬ್ಬ ನಾಯಕನ ಫೋಟೋ ಹಾಕಿದ ಫ್ಲೆಕ್ಸ್ ಅಲ್ಲ. ನಾಯಕನನ್ನೂ ತಡೆದು ನಿಲ್ಲಿಸಬಲ್ಲ ಐದು ಜನರ ಮಾತು.

ಅಲ್ಲಿಂದ ಹೊರಟ ಗುರುವನ್ನು ಕಾಪಾಡಿದವರು ಯಾರು ಗೊತ್ತಾ? ನಬೀ ಖಾನ್, ಗನೀ ಖಾನ್ ಎಂಬ ಪಠಾಣ ಸಹೋದರರು. ಇವರು ಉಚ್ಚದ ಪೀರರು ಎಂದು ಹೇಳಿ, ಮಂಚದ ಮೇಲೆ ಕೂರಿಸಿ, ಹೆಗಲ ಮೇಲೆ ಹೊತ್ತು ಮೊಘಲ್ ಕಾವಲು ದಾಟಿಸಿದರು ಎಂದು ಕಥೆ. ಗುರುವಿನ ಇಬ್ಬರು ಚಿಕ್ಕ ಮಕ್ಕಳನ್ನು ಸರಹಿಂದದಲ್ಲಿ ಕೊಲ್ಲಿಸಿದಾಗ ಅದು ಅನ್ಯಾಯ ಎಂದು ದನಿಯೆತ್ತಿದವರು ಮಲೇರ್‌ಕೋಟ್ಲಾದ ನವಾಬ ಶೇರ್ ಮಹಮ್ಮದ್ ಖಾನ್. ಅವರೇ ಯುದ್ಧದಲ್ಲಿ ಗುರುವಿನ ಎದುರು ಪಕ್ಷ! ಆದರೂ ಮಕ್ಕಳ ಮೇಲೆ ಕತ್ತಿ ಬೇಡ ಎಂದರು. 1947ರಲ್ಲಿ ಪಂಜಾಬ್ ಹೊತ್ತಿ ಉರಿದಾಗ ಮಲೇರ್‌ಕೋಟ್ಲಾದ ಮುಸ್ಲಿಮರು ಬಹುಮಟ್ಟಿಗೆ ಸುರಕ್ಷಿತವಾಗಿ ಉಳಿದರು. ಆ ಒಂದು ಮಾತಿನ ಋಣವನ್ನು ಸಿಖ್ಖರು ಇನ್ನೂರ ನಲವತ್ತು ವರ್ಷ ಮರೆಯಲಿಲ್ಲ ಎಂದೇ ಪಂಜಾಬಿನ ಜನ ಹೇಳುತ್ತಾರೆ. ಗುರುವಿನ ಸೈನ್ಯದಲ್ಲೇ ಭಾಯಿ ಕನ್ಹಯ್ಯಾ ಎಂಬವರಿದ್ದರು. ಗಾಯಗೊಂಡ ಶತ್ರುಗಳಿಗೂ ನೀರು ಕುಡಿಸುತ್ತಿದ್ದರು. ದೂರು ಗುರುವಿನ ಬಳಿಗೆ ಹೋಯಿತು. ಗುರು ಗದರಿಸಲಿಲ್ಲ, ಗಾಯಕ್ಕೆ ಹಚ್ಚಲು ಮುಲಾಮನ್ನೂ ಕೊಟ್ಟು ಕಳಿಸಿದರು.

ಸರ್ವಧರ್ಮ ಸಮನ್ವಯ ಅಂದ್ರೆ ವೇದಿಕೆ ಮೇಲೆ ಮೂವರು ಧರ್ಮಗುರುಗಳು ಸೇರಿ ದೀಪ ಹಚ್ಚುವುದು ಅಂತ ನಾವು ತಿಳಿದಿದ್ದೇವೆ. ಅದೂ ಇರಲಿ, ತಪ್ಪೇನಿಲ್ಲ. ಆದರೆ ಮಂಚ ಹೊತ್ತ ಹೆಗಲು, ನೀರು ಕುಡಿಸಿದ ಕೈ, ದರ್ಬಾರಿನಲ್ಲಿ ಎದ್ದ ಒಂದು ದನಿ, ಇವು ಕ್ಯಾಮೆರಾ ಇಲ್ಲದ ಕಾಲದ ಸಮನ್ವಯ.

ಸಾಹಿಬ್ ಸಿಂಗ್ ಊರಿಗೆ ಮರಳಲಿಲ್ಲ. ಆದರೆ ಅವರು ಕಟ್ಟಲು ನೆರವಾದ ಪಂಥವೇ ಅವರ ಊರ ಬಾಗಿಲಿಗೆ ಬಂತು. 1708ರಲ್ಲಿ ಗುರು ಗೋವಿಂದ್ ಸಿಂಗ್ ದೇಹ ಬಿಟ್ಟದ್ದು ಬೀದರಿನ ನೆರೆಯ ನಾಂದೇಡ್‌ನಲ್ಲಿ. ಮುಕ್ತಸರದ ಯುದ್ಧದಲ್ಲಿ ಕತ್ತಿ ಹಿಡಿದಿದ್ದ ವೀರಮಹಿಳೆ ಮಾಯಿ ಭಾಗೋ, ಗುರು ಹೋದ ಮೇಲೆ ಬೀದರ್ ಹತ್ತಿರದ ಜನವಾಡದಲ್ಲಿ ನೆಲೆಸಿದರು, ಅಲ್ಲೇ ಕಾಲವಾದರು ಎಂದು ಸಂಪ್ರದಾಯ. ಅಲ್ಲಿ ಅವರ ಹೆಸರಿನ ಗುರುದ್ವಾರ ಇದೆ. ಬೀದರಿನಲ್ಲಿ ಸಾಹಿಬ್ ಸಿಂಗ್ ಅವರ ನೆನಪಿನ ಗುರುದ್ವಾರವೂ ಇದೆ. ಝೀರಾದ ಈಗಿನ ಗುರುದ್ವಾರ 1948ರಲ್ಲಿ ಕಟ್ಟಿದ್ದು. ಅಲ್ಲಿ ಲಂಗರ್‌ಗೆ ಟಿಕೆಟ್ ಇಲ್ಲ, ಜಾತಿ ಕೇಳುವವರಿಲ್ಲ. ತಲೆಗೆ ಬಟ್ಟೆ ಕಟ್ಟಿ, ಚಪ್ಪಲಿ ಬಿಟ್ಟು, ಸಾಲಿನಲ್ಲಿ ಕೂತರೆ ರೊಟ್ಟಿ, ದಾಲ್ ಬರುತ್ತದೆ. 1980ರಲ್ಲಿ ಗುರುನಾನಕರ ಹೆಸರಿನಲ್ಲೇ ಅಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಉತ್ತರದಿಂದ ಸಿಖ್ ಹುಡುಗರು ಓದಲು ಬಂದರು.

ಇನ್ನು ಮುಂದಿನದು ಹೇಳಲು ಬಾಯಿ ಬರುವುದಿಲ್ಲ, ಆದರೂ ಹೇಳಬೇಕು. 1988ರ ಸೆಪ್ಟೆಂಬರ್. ಗಣೇಶೋತ್ಸವದ ಸಮಯ. ಚಂದಾ ವಿಷಯದ ಜಗಳ ಬೀದರಿನಲ್ಲಿ ಸಿಖ್ ವಿದ್ಯಾರ್ಥಿಗಳ ಮೇಲಿನ ದಾಳಿಯಾಗಿ ಬೆಳೆಯಿತು. ಆರು ಸಿಖ್ ವಿದ್ಯಾರ್ಥಿಗಳು ಕೊಲೆಯಾದರು. ಓದಲು ಬಂದ ಮಕ್ಕಳು. ಯಾರ ಊರಿಗೆ ಬಂದಿದ್ದರು? ಖಾಲ್ಸಾ ಕಟ್ಟಿದ ಐವರಲ್ಲಿ ಒಬ್ಬರನ್ನು ಕೊಟ್ಟ ಊರಿಗೆ. ಹೊಡೆಯಲು ಹೋದ ಗುಂಪಿನಲ್ಲಿ ಒಬ್ಬನಿಗಾದರೂ 'ಇವರ ಪ್ರಾರ್ಥನೆಯಲ್ಲಿ ನಮ್ಮೂರಿನವರ ನೆನಪಿದೆ' ಎಂದು ಗೊತ್ತಿದ್ದರೆ? ಗೊತ್ತಿದ್ದರೆ ಕೈ ತಡೆಯುತ್ತಿತ್ತು ಅಂತ ನಾನು ಗ್ಯಾರಂಟಿ ಕೊಡಲಾರೆ. ಆದರೆ ಮಲೇರ್‌ಕೋಟ್ಲಾದಲ್ಲಿ ನೆನಪು ಕೈ ತಡೆದಿತ್ತು. ಬೀದರಿನಲ್ಲಿ ಆ ನೆನಪೇ ಇರಲಿಲ್ಲ. ಚರಿತ್ರೆ ಪರೀಕ್ಷೆಗೆ ಮಾತ್ರ ಅಂತ ಹೇಳುವವರು ಈ ಎರಡು ಊರುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಇದು ನಮಗೂ ದೂರದ ಮಾತಲ್ಲ. ಹಿರಿಯಡ್ಕದಿಂದ ಪರ್ಕಳ ದಾಟಿದರೆ ಮಣಿಪಾಲ. ಅಲ್ಲಿನ ಟೈಗರ್ ಸರ್ಕಲ್‌ನಲ್ಲಿ ದೇಶದ ಎಲ್ಲ ರಾಜ್ಯಗಳ ಮಕ್ಕಳು ಓಡಾಡುತ್ತಾರೆ. ಪೇಟ ಕಟ್ಟಿದ ಹುಡುಗ ಕಂಡರೆ ನಮ್ಮವರು 'ಸರ್ದಾರ್ಜಿ' ಎಂದು ಒಂದು ಜೋಕ್ ನೆನಪು ಮಾಡಿಕೊಳ್ಳುತ್ತಾರೆ. ಆ ಹುಡುಗನನ್ನು ಮಾತಾಡಿಸಿ, 'ಪಂಜ್ ಪ್ಯಾರೇಯಲ್ಲಿ ಒಬ್ಬರು ನಮ್ಮ ಕರ್ನಾಟಕದವರು, ಗೊತ್ತುಂಟಾ?' ಎಂದು ಕೇಳಿ ನೋಡಿ. ಅವನ ಮುಖ ಅರಳದಿದ್ದರೆ ಹೇಳಿ.

ಸಾಹಿಬ್ ಸಿಂಗ್ ಅವರ ದಾರಿ ಅಲ್ಲಿಗೇ ಮುಗಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅದೇ ದಾರಿಯಲ್ಲಿ ನಡೆದ ಇನ್ನೊಬ್ಬರ ಬಗ್ಗೆ ಹೇಳಲೇಬೇಕು. 1904ರಲ್ಲಿ ಲುಧಿಯಾನಾ ಜಿಲ್ಲೆಯ ರಾಜೇವಾಲ್‌ನಲ್ಲಿ ಹಿಂದೂ ಕುಟುಂಬದಲ್ಲಿ ಹುಟ್ಟಿದ ರಾಮ್‌ಜೀ ದಾಸ್. ಹುಡುಗನಾಗಿದ್ದಾಗ ಒಂದು ದೇಗುಲದಲ್ಲಿ ಇವನಿಂದ ಕೆಲಸ ಮಾಡಿಸಿಕೊಂಡು, ಇವನ ಎದುರೇ ಉಂಡರು, ಇವನನ್ನು ಊಟಕ್ಕೆ ಕರೆಯಲಿಲ್ಲ. ಇನ್ನೊಂದು ರಾತ್ರಿ ಒಂದು ಗುರುದ್ವಾರದಲ್ಲಿ ಯಾರು ಏನು ಎಂದು ಕೇಳದೆ ಊಟ ಕೊಟ್ಟರು, ಮಲಗಲು ಜಾಗ ಕೊಟ್ಟರು. ತಾನು ಸಿಖ್ ಆದದ್ದಕ್ಕೆ ಅವರೇ ಮುಂದೆ ಹೇಳಿದ ಕಾರಣ ಇದು. ಅದೇ ಊಟದ ಪಂಕ್ತಿ, ನೋಡಿ. ಅವರೇ ಭಗತ್ ಪೂರಣ್ ಸಿಂಗ್.

1934ರಲ್ಲಿ ಲಾಹೋರಿನ ಗುರುದ್ವಾರ ಡೇರಾ ಸಾಹಿಬ್‌ನ ಬಾಗಿಲಲ್ಲಿ ಸುಮಾರು ನಾಲ್ಕು ವರ್ಷದ ಅಂಗವಿಕಲ ಮಗುವೊಂದನ್ನು ಯಾರೋ ಬಿಟ್ಟುಹೋಗಿದ್ದರು. ಪೂರಣ್ ಸಿಂಗ್ ಅದನ್ನು ಎತ್ತಿಕೊಂಡರು. ಪ್ಯಾರಾ ಎಂದು ಹೆಸರಿಟ್ಟರು. ಹದಿನಾಲ್ಕು ವರ್ಷ ಬೆನ್ನ ಮೇಲೆ ಹೊತ್ತು ತಿರುಗಿದರು. ವಿಭಜನೆಯಲ್ಲಿ ಅಮೃತಸರಕ್ಕೆ ಬಂದಾಗಲೂ ಆ ಹುಡುಗ ಜೊತೆಗೇ. ಅಲ್ಲಿ ಅವರು ಕಟ್ಟಿದ್ದು ಪಿಂಗಲವಾಡಾ. ಮನೆಯವರು ಬಿಟ್ಟ ರೋಗಿಗಳು, ಬುದ್ಧಿಮಾಂದ್ಯರು, ಬೀದಿಯಲ್ಲಿ ಬಿದ್ದವರು, ಎಲ್ಲರಿಗೂ ಅಲ್ಲಿ ಜಾಗ. ಧರ್ಮದ ಕಾಲಂ ಇಲ್ಲ. ಒಂದು ಬದಿ ಉಪಯೋಗಿಸಿದ ರದ್ದಿ ಕಾಗದದ ಇನ್ನೊಂದು ಬದಿಯಲ್ಲಿ ಕರಪತ್ರ ಅಚ್ಚು ಹಾಕಿ, ಮರ ಕಡಿಯಬೇಡಿ, ನೀರು ಕೆಡಿಸಬೇಡಿ ಎಂದು ಸ್ವರ್ಣಮಂದಿರದ ಎದುರು ಹಂಚುತ್ತಿದ್ದರು. ಸರ್ಕಾರ ಪದ್ಮಶ್ರೀ ಕೊಟ್ಟಿತು. 1984ರಲ್ಲಿ ಸ್ವರ್ಣಮಂದಿರಕ್ಕೆ ಸೈನ್ಯ ನುಗ್ಗಿದಾಗ ಅದನ್ನು ವಾಪಸ್ ಮಾಡಿದರು. 1992ರ ಆಗಸ್ಟ್ 5ರಂದು ತೀರಿಕೊಂಡರು. ಪಿಂಗಲವಾಡಾ ಇವತ್ತಿಗೂ ನಡೆಯುತ್ತಿದೆ.

ಹಾಗಂತ ಸಿಖ್ ಸಮಾಜದಲ್ಲಿ ಜಾತಿ ಅಳಿದೇ ಹೋಗಿದೆ ಅಂತ ನಾನು ಬೊಗಳೆ ಬಿಡುವುದಿಲ್ಲ. ಪಂಜಾಬಿನ ಎಷ್ಟೋ ಹಳ್ಳಿಗಳಲ್ಲಿ ದಲಿತರ ಗುರುದ್ವಾರ ಬೇರೆ, ಜಾಟರ ಗುರುದ್ವಾರ ಬೇರೆ, ಸ್ಮಶಾನವೂ ಬೇರೆ. ಕಲ್ಯಾಣದ ಶರಣರ ಹೆಸರಲ್ಲೇ ನಮ್ಮಲ್ಲಿ ಒಳಪಂಗಡಗಳು ಎಷ್ಟಾದವು? ಒಂದು ಬಟ್ಟಲಲ್ಲಿ ಕುಡಿದ ಐವರ ಮುಂದಿನ ಪೀಳಿಗೆಗಳೇ ಬೇರೆಬೇರೆ ಲೋಟ ಇಟ್ಟುಕೊಂಡವು. ಸಮುದಾಯ ಅನ್ನುವುದು ಒಮ್ಮೆ ಕಟ್ಟಿ ಮುಗಿಸುವ ಮನೆ ಅಲ್ಲ. ನಮ್ಮ ಕರಾವಳಿಯ ಹಂಚಿನ ಮನೆ ಇದ್ದ ಹಾಗೆ. ಪ್ರತಿ ಮಳೆಗಾಲಕ್ಕೆ ಮುಂಚೆ ಯಾರಾದರೂ ಮೇಲೆ ಹತ್ತಿ ಒಡೆದ ಹಂಚು ತೆಗೆದು ಹೊಸದು ಇಡಬೇಕು. ಒಂದು ವರ್ಷ ಬಿಟ್ಟರೆ ಸೋರುತ್ತದೆ.

2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಪೂಜೆಯಲ್ಲಿ ನಾವು ಆ ಸೋರಿಕೆ ಕಂಡೆವು. ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಲ್ಲ ಎಂದಾಯಿತು. ದೇಶದ ಎಲ್ಲ ಚಾನಲ್‌ಗಳಲ್ಲೂ ಕಾಪು. ಅದೇ ಕಾಪು ಮಾರಿಗುಡಿಯಲ್ಲಿ ತಲೆಮಾರುಗಳಿಂದ ಅಮ್ಮನ ಮುಂದೆ ನಾಗಸ್ವರ ನುಡಿಸುತ್ತಾ ಬಂದಿರುವುದು ಒಂದು ಮುಸ್ಲಿಂ ಕುಟುಂಬ. ಅದು ಎಷ್ಟು ನಿಮಿಷ ಸುದ್ದಿಯಾಯಿತು? ನಾನಕರ ಪಕ್ಕದಲ್ಲಿ ಮರ್ದಾನಾ ರಬಾಬ್ ಹಿಡಿದು ನಿಂತದ್ದು ನೆನಪಿಸಿಕೊಳ್ಳಿ. 1947ರವರೆಗೆ ಸ್ವರ್ಣಮಂದಿರದಲ್ಲಿ ಮುಸ್ಲಿಂ ರಬಾಬಿಗಳು ಕೀರ್ತನೆ ಹಾಡುತ್ತಿದ್ದರು. ಗಡಿಗೆರೆ ಬಿದ್ದ ಮೇಲೆ ಆ ಪರಂಪರೆ ಮುರಿದುಬಿತ್ತು. ನಮ್ಮ ಕಾಪುವಿನ ನಾಗಸ್ವರ ಇನ್ನೂ ಮುರಿದಿಲ್ಲ. ಕಾರ್ಕಳದ ಅತ್ತೂರು ಚರ್ಚಿನ ವಾರ್ಷಿಕ ಹಬ್ಬಕ್ಕೆ ಹಿಂದೂಗಳು, ಮುಸ್ಲಿಮರು ಸಾಲುಗಟ್ಟಿ ಮೊಂಬತ್ತಿ ಹಚ್ಚುವುದು ಇನ್ನೂ ನಿಂತಿಲ್ಲ. ಉಳಿದಿರುವುದರ ಲೆಕ್ಕವನ್ನೂ ನಾವು ಇಟ್ಟುಕೊಳ್ಳಬೇಕು.

ಸಾಹಿಬ್ ಸಿಂಗ್ ಅವರ ಬದುಕಿನಿಂದ ನಾನು ತೆಗೆದುಕೊಳ್ಳುವ ಪಾಠ, ಎಲ್ಲರೂ ಮತ ಬದಲಿಸಿ ಅಂತಲೂ ಅಲ್ಲ, ಯಾರೂ ಬದಲಿಸಬೇಡಿ ಅಂತಲೂ ಅಲ್ಲ. ಅದು ಅವರವರ ಎದೆಗೆ ಬಿಟ್ಟದ್ದು, ನಮ್ಮ ಸಂವಿಧಾನದ 25ನೇ ವಿಧಿ ಅದಕ್ಕೆ ಜಾಗ ಕೊಟ್ಟಿದೆ. ಒಬ್ಬ ಮನುಷ್ಯ ಏನನ್ನು ಬಿಟ್ಟ ಎನ್ನುವುದರಿಂದ ಅವನನ್ನು ಅಳೆಯಬೇಡಿ. ಬಿಟ್ಟ ಮೇಲೆ ಯಾರ ಪಕ್ಕ ಕೂತ, ಯಾರಿಗೆ ಜಾಗ ಬಿಟ್ಟುಕೊಟ್ಟ ಎನ್ನುವುದರಿಂದ ಅಳೆಯಿರಿ. ಬಿಡದೆ ಹುಟ್ಟಿದ ಮತದಲ್ಲೇ ಉಳಿದವರಿಗೂ ಇದೇ ಅಳತೆಗೋಲು. ನನಗೂ ಇದೇ, ನಿಮಗೂ ಇದೇ.

ಬೀದರ್ ಕಡೆ ಹೋದರೆ ಕೋಟೆ ನೋಡಿ, ಗವಾನ್ ಮದರಸಾ ನೋಡಿ, ಬಸವಕಲ್ಯಾಣದಲ್ಲಿ ಅನುಭವ ಮಂಟಪ ನೋಡಿ. ಹಾಗೇ ಝೀರಾದಲ್ಲಿ ಚಪ್ಪಲಿ ಬಿಟ್ಟು, ಸಾಲಿನಲ್ಲಿ ಕೂತು ಒಂದು ರೊಟ್ಟಿ ತಿಂದು ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂದು ಮಗು ಕೇಳಿದರೆ, ನಮ್ಮ ಹಾಗೇ ಹಸಿದು ಬಂದವರು ಎಂದು ಹೇಳಿ. ಅಂಕಮ್ಮನ ಮಗ ಅಷ್ಟು ದೂರ ನಡೆದು ಹೋದದ್ದು ಇಂಥ ಒಂದು ಸಾಲಿಗಾಗಿಯೇ.